ಸೊನ್ನೆ ಅಂದರೆ ಎರಡು

ಕಂಪ್ಯೂಟರಿನವರು ಸೊನ್ನೆಯಿಂದ ಎಣಿಸುತ್ತಾರೆ ಅನ್ನುವುದು ಮೊದಲ ವರ್ಷದ ಹುಡುಗರಿಗೂ ಗೊತ್ತು. ಆ ಸೊನ್ನೆಯ ಬೆಲೆ ಕೆಲವೊಮ್ಮೆ ಎರಡು ಎಂದು ಗೊತ್ತಾಗಬೇಕಾದರೆ ಆಪರೇಟಿಂಗ್ ಸಿಸ್ಟಮ್‌ನ ಕರ್ನಲ್ ಒಳಗೆ, ನೆಟ್‌ವರ್ಕ್ ಕೇರಿಯಲ್ಲಿ ಸ್ವಲ್ಪ ಕಾಲ ಓಡಾಡಿರಬೇಕು. ಅಲ್ಲಿ 'ಝೀರೋ ಕಾಪಿ' ಎಂಬ ಮಾತು ಬಂದಾಗ ಎಂಥ ನಾಸ್ತಿಕನೂ ಒಂದು ಕ್ಷಣ ಭಕ್ತಿಯಿಂದ ಕಣ್ಣು ಮುಚ್ಚುತ್ತಾನೆ.

ಲೆಕ್ಕ ನೋಡೋಣ. ವೆಬ್ ಸರ್ವರೊಂದು ಡಿಸ್ಕಿನಲ್ಲಿರುವ ಫೈಲನ್ನು ನಿಮಗೆ ಕಳಿಸಬೇಕು. ಹಳೇ ಪದ್ಧತಿಯಲ್ಲಿ ಆ ಫೈಲು ಡಿಸ್ಕಿನಿಂದ ಕರ್ನಲ್‌ನ ಪೇಜ್ ಕ್ಯಾಶ್‌ಗೆ ಬರುತ್ತದೆ, ಅಲ್ಲಿಂದ ಪ್ರೋಗ್ರಾಮಿನ ಬಫರಿಗೆ ಹೋಗುತ್ತದೆ, ಬಫರಿನಿಂದ ಮತ್ತೆ ಕರ್ನಲ್‌ನ ಸಾಕೆಟ್ ಬಫರಿಗೆ ವಾಪಸ್ಸಾಗುತ್ತದೆ, ಕೊನೆಗೆ ನೆಟ್‌ವರ್ಕ್ ಕಾರ್ಡ್ ಸೇರುತ್ತದೆ. ನಾಲ್ಕು ಸಲ ನಕಲು. ಇಷ್ಟಾದರೂ ಆ ಪ್ರೋಗ್ರಾಮು ಫೈಲಿನಲ್ಲಿ ಏನಿದೆ ಅಂತ ಕಣ್ಣೆತ್ತಿಯೂ ನೋಡಿರುವುದಿಲ್ಲ. ಈ ಕೈಯಲ್ಲಿ ಇಸಿದುಕೊಂಡು ಆ ಕೈಯಲ್ಲಿ ಕೊಟ್ಟಿರುತ್ತದೆ. ಇದು ದಡ್ಡತನ ಅಂತ ಒಪ್ಪಿಕೊಳ್ಳಲು ಯಾರಿಗೂ ಕಷ್ಟವಾಗಲಿಲ್ಲ. 1990ರ ದಶಕದ ಕೊನೆಗೆ ಸೆಂಡ್‌ಫೈಲ್ ಎಂಬ ಸಿಸ್ಟಮ್ ಕಾಲ್ ಬಂತು. ಲಿನಕ್ಸ್‌ನಲ್ಲಿ 1999ರ 2.2 ಆವೃತ್ತಿಯ ಹೊತ್ತಿಗೆ. ಫೈಲು ಇದು, ಸಾಕೆಟ್ ಅದು, ನೀನೇ ಕಳಿಸಿಕೋ ಅಂತ ಕರ್ನಲ್‌ಗೆ ಹೇಳಿ ಸುಮ್ಮನಾಗಬಹುದು. ಚದುರಿದ ತುಂಡುಗಳನ್ನು ಹೆಕ್ಕಿಕೊಳ್ಳುವ ಶಕ್ತಿ ಕಾರ್ಡಿಗಿದ್ದರೆ ನಡುವಿನ ಎರಡೂ ನಕಲು ಮಾಯ. ಉಳಿಯುವುದು ಡಿಸ್ಕಿನಿಂದ ಮೆಮೊರಿಗೆ ಒಂದು, ಮೆಮೊರಿಯಿಂದ ಕಾರ್ಡಿಗೆ ಇನ್ನೊಂದು. ಈ ಎರಡಕ್ಕೆ ಇಟ್ಟ ಹೆಸರೇ ಝೀರೋ ಕಾಪಿ. ಹೇಗಪ್ಪಾ ಅಂತ ಕೇಳಿದರೆ, ಅವೆರಡನ್ನೂ ಮಾಡುವುದು ಡಿಎಂಎ ಯಂತ್ರಾಂಶ, ಪ್ರೊಸೆಸರ್ ಅಲ್ಲ, ಆದ್ದರಿಂದ ಲೆಕ್ಕಕ್ಕೆ ಬರುವುದಿಲ್ಲ ಎಂಬ ಉತ್ತರ ಬರುತ್ತದೆ. ಪ್ರೊಸೆಸರ್ ಕೈ ಹಾಕದ ಕೆಲಸ ಕೆಲಸವೇ ಅಲ್ಲ ಎಂಬುದು ಆ ಕೇರಿಯ ಕಾನೂನು.

ಇರಲಿ, ಸೆಂಡ್‌ಫೈಲ್ ಒಳ್ಳೆಯದೇ. ತೊಂದರೆ ಶುರುವಾದದ್ದು ಆ ರುಚಿ ನಾಲಿಗೆಗೆ ಹತ್ತಿದ ಮೇಲೆ. ಫೈಲಿಗೆ ಆಗಿದ್ದು ನಮ್ಮ ಬಫರಿಗೆ ಯಾಕಾಗಬಾರದು?

ಯಾಕಾಗಬಾರದು ಅನ್ನುವುದಕ್ಕೆ ಉತ್ತರ 1983ರಲ್ಲೇ ಇದೆ. ಬರ್ಕ್ಲಿಯ 4.2ಬಿಎಸ್‌ಡಿ ಯುನಿಕ್ಸ್ ಲೋಕಕ್ಕೆ ಸಾಕೆಟ್ ಕೊಟ್ಟಾಗ ಅದರ ಜೊತೆಗೆ ಸದ್ದಿಲ್ಲದೆ ಒಂದು ಮಾತನ್ನೂ ಕೊಟ್ಟಿತ್ತು: ಬರೆಯುವ ಕರೆ ಮರಳಿದ ಕ್ಷಣದಿಂದ ನಿನ್ನ ಬಫರ್ ನಿನ್ನದು. ಅದರ ಮೇಲೆ ಇನ್ನೇನಾದರೂ ಬರೆ, ಅಳಿಸು, ಬಿಡುಗಡೆ ಮಾಡು, ಕೇಳುವವರಿಲ್ಲ. ಕಳಿಸಬೇಕಾದ ಬೈಟುಗಳ ನಕಲು ಕರ್ನಲ್ ಹತ್ತಿರ ಇದೆ. ಆಚೆ ದಡದಿಂದ ಮುಟ್ಟಿತೆಂಬ ಸುದ್ದಿ ಬರುವ ತನಕ ಅದನ್ನು ಕಾಯುವುದು, ಪ್ಯಾಕೆಟ್ ದಾರಿಯಲ್ಲಿ ಕಳೆದರೆ ಮತ್ತೆ ಕಳಿಸುವುದು ಎಲ್ಲ ಅದರ ತಲೆನೋವು. ನಕಲು ಎಂಬುದು ಬರೀ ಬೈಟುಗಳ ಸಾಗಾಟ ಆಗಿರಲಿಲ್ಲ. ಯಾವುದು ಯಾರ ಪಾಲು ಎಂಬ ತಕರಾರನ್ನು ಅದು ಅಲ್ಲಿಂದಲ್ಲಿಗೇ ಮುಗಿಸುತ್ತಿತ್ತು.

ತಾಲೂಕು ಕಚೇರಿಗೆ ಅರ್ಜಿ ಕೊಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಕ್ರಯಪತ್ರದ ಜೆರಾಕ್ಸ್ ಲಗತ್ತಿಸಿ ಬಂದವನು ಮನೆಗೆ ಬಂದು ಊಟ ಮಾಡಿ ಮಲಗುತ್ತಾನೆ. "ಜೆರಾಕ್ಸಿಗೆ ಯಾಕೆ ಸುಮ್ಮನೆ ಎರಡು ರೂಪಾಯಿ ದಂಡ, ಮೂಲ ಪತ್ರವನ್ನೇ ಕೊಟ್ಟುಬಿಡ್ತೀನಿ" ಅಂದ ಜಾಣ ಆವತ್ತಿನಿಂದ ಮಲಗುವುದಿಲ್ಲ. ಪತ್ರ ಯಾವ ಮೇಜಿನ ಮೇಲಿದೆ, ಯಾರ ಬೀರುವಿನಲ್ಲಿದೆ, ವಾಪಸ್ ಯಾವಾಗ, ಅಷ್ಟರಲ್ಲಿ ಯಾರಾದರೂ ಅದರ ಮೇಲೆ ಪೆನ್ನಾಡಿಸಿದರೆ ಗತಿಯೇನು? ಝೀರೋ ಕಾಪಿಯ ಮೆಮೊರಿ ವಿನ್ಯಾಸದ ಚರಿತ್ರೆ ಪೂರ್ತಿ ಈ ಎರಡು ರೂಪಾಯಿ ಉಳಿಸಿದವನ ಅಲೆದಾಟ.

ಅಲೆದವರೇನು ಸಾಮಾನ್ಯರಲ್ಲ. 1993ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ಪೀಟರ್ ಡ್ರುಶೆಲ್, ಲ್ಯಾರಿ ಪೀಟರ್ಸನ್ 'ಎಫ್‌ಬಫ್ಸ್' ಎಂಬ ಸೊಗಸಾದ ಏರ್ಪಾಟು ಮಾಡಿದರು: ಒಂದೇ ಬಫರ್ ದಾರಿಯುದ್ದಕ್ಕೂ ಎಲ್ಲ ಪಾಲುದಾರರಿಗೂ ಒಂದೇ ವಿಳಾಸದಲ್ಲಿ ಕಾಣುತ್ತದೆ. 1999ರಲ್ಲಿ ರೈಸ್ ವಿಶ್ವವಿದ್ಯಾಲಯದಿಂದ 'ಐಒ-ಲೈಟ್' ಬಂತು: ಒಮ್ಮೆ ಬರೆದ ಬಫರನ್ನು ಆಮೇಲೆ ಯಾರೂ ತಿದ್ದುವ ಹಾಗಿಲ್ಲ, ಹಾಗಾಗಿ ಇಡೀ ಸಿಸ್ಟಮ್ ಅದನ್ನು ಹಂಚಿಕೊಳ್ಳಬಹುದು. ಎರಡೂ ಬುದ್ಧಿವಂತರ ಕೆಲಸ, ಎರಡೂ ಇವತ್ತಿಗೂ ಓದಲು ಚೆನ್ನ. ಒಂದೇ ಒಂದು ಸಣ್ಣ ಷರತ್ತು: ಲೋಕದಲ್ಲಿರುವ ಪ್ರೋಗ್ರಾಮುಗಳನ್ನೆಲ್ಲ ಹೊಸ ಪದ್ಧತಿಗೆ ತಕ್ಕಂತೆ ಮತ್ತೆ ಬರೆಯಬೇಕು. ಲೋಕ ಪ್ರಬಂಧಗಳನ್ನು ಗೌರವದಿಂದ ಉಲ್ಲೇಖಿಸಿತು. ಪ್ರೋಗ್ರಾಮನ್ನು ಮಾತ್ರ ಮುಟ್ಟಲಿಲ್ಲ.

ಇನ್ನು ಕೆಲವರು ಪ್ರೋಗ್ರಾಮಿಗೆ ಗೊತ್ತೇ ಆಗದಂತೆ ಕೈಚಳಕ ತೋರಿಸಲು ಹೊರಟರು. ಬಫರಿರುವ ಪುಟವನ್ನು ಮೆಲ್ಲಗೆ 'ಓದಲು ಮಾತ್ರ' ಅಂತ ಗುರುತು ಹಾಕಿ ನೇರ ಕಾರ್ಡಿಗೆ ತೋರಿಸುವುದು. ಪ್ರೋಗ್ರಾಮು ಅಷ್ಟರಲ್ಲಿ ಅದರ ಮೇಲೆ ಬರೆಯಲು ಬಂದರೆ ಆಗ ಬೇರೆ ಪುಟ ಕೊಡುವುದು. ಕಾಗದದ ಮೇಲೆ ಇದು ಅದ್ಭುತ. ಆದರೆ ಪುಟದ ಗುರುತು ಬದಲಾದಾಗಲೆಲ್ಲ ಪ್ರೊಸೆಸರಿನ ಎಲ್ಲ ಕೋರುಗಳಿಗೂ ಡಂಗುರ ಸಾರಬೇಕು: ನಿಮ್ಮ ವಿಳಾಸ ಪುಸ್ತಕದಲ್ಲಿ, ಅಂದರೆ ಟಿಎಲ್‌ಬಿಯಲ್ಲಿ, ಇರುವ ಹಳೇ ವಿಳಾಸ ಅಳಿಸಿ, ಅಳಿಸಿದ್ದೇವೆ ಅಂತ ಹೇಳಿ, ಎಲ್ಲರೂ ಹೇಳುವ ತನಕ ನಾನು ಕಾಯುತ್ತೇನೆ. ಒಂದು ಪುಟದ 4096 ಬೈಟು ನಕಲಿಸುವ ಕೂಲಿ ಉಳಿಸಲು ಊರನ್ನೆಲ್ಲ ಎಬ್ಬಿಸಿದಂತಾಯಿತು. ಫ್ರೀಬಿಎಸ್‌ಡಿ ಈ ದಾರಿ ಹಿಡಿದಿತ್ತು. 2006ರಲ್ಲಿ ಲಿನಕ್ಸ್ ಜನಕ ಲಿನಸ್ ಟೊರ್ವಾಲ್ಡ್ಸ್ ಇಂಥ ಆಟ ಆಡುವವರನ್ನು ಬಹಿರಂಗವಾಗಿ, ಅವರದೇ ಪ್ರಸಿದ್ಧ ಶೈಲಿಯಲ್ಲಿ, ಮೂರ್ಖರು ಅಂತ ಬೈದರು. ಭಾಷೆ ತಪ್ಪು, ಲೆಕ್ಕ ಸರಿ. ಫ್ರೀಬಿಎಸ್‌ಡಿಯೂ ಕೊನೆಗೆ ಆ ಕೈಚಳಕವನ್ನು ತೆಗೆದುಹಾಕಿತು.

ಲಿನಕ್ಸ್ ತಾನೇನೂ ಆಸೆ ಬಿಟ್ಟಿರಲಿಲ್ಲ. 2017ರ 4.14 ಆವೃತ್ತಿಯಲ್ಲಿ ಎಂಎಸ್‌ಜಿ-ಝೀರೋಕಾಪಿ ಎಂಬ ಸೌಲಭ್ಯ ಬಂತು. ಇದನ್ನು ಹತ್ತಿರದಿಂದ ನೋಡಬೇಕು. ಕೆಂಪು ಪಟ್ಟಿಯ ಮೇಲೆ ಕಂಪ್ಯೂಟರ್ ವಿಜ್ಞಾನ ಇಷ್ಟು ಪ್ರೀತಿಯಿಂದ ಕೆಲಸ ಮಾಡಿದ್ದು ಕಡಿಮೆ.

ಮೊದಲು ಸಾಕೆಟ್ಟಿನ ಮೇಲೆ ನನಗೆ ಈ ಸೌಲಭ್ಯ ಬೇಕು ಅಂತ ಒಂದು ಅರ್ಜಿ ಹಾಕಬೇಕು. ಆಮೇಲೆ ಪ್ರತಿ ಸಲ ಕಳಿಸುವಾಗಲೂ ಧ್ವಜ ಎತ್ತಿ ನೆನಪಿಸಬೇಕು. ಕರ್ನಲ್ ನಿಮ್ಮ ಪುಟಗಳಿಗೆ ಮೊಳೆ ಹೊಡೆದು ಅಲ್ಲಾಡದಂತೆ ನಿಲ್ಲಿಸುತ್ತದೆ. ಹೀಗೆ ಮೊಳೆ ಹೊಡೆದ ಪುಟಗಳು ನಿಮಗೆ ಮಂಜೂರಾದ ಮಿತಿಯೊಳಗೇ ಇರಬೇಕು. ಕರೆ ಮರಳಿತು ಅಂತ ಬಫರ್ ಮುಟ್ಟಿದಿರೋ, ಕೆಟ್ಟಿರಿ. ಮೊದಲ ಸಲ ಹೋದ ಪ್ಯಾಕೆಟ್ಟಿನಲ್ಲಿ ಒಂದು ಮಾತು, ಅದು ಕಳೆದುಹೋಗಿ ಮತ್ತೆ ಕಳಿಸಿದಾಗ ಇನ್ನೊಂದು ಮಾತು ಇರುತ್ತದೆ. ಹಾಗಾದರೆ ಬಫರ್ ನಮ್ಮದಾಗುವುದು ಯಾವಾಗ? ಸೂಚನಾಪತ್ರ ಬಂದಾಗ. ಅದು ಬರುವುದು ಎಲ್ಲಿಗೆ? ಸಾಕೆಟ್ಟಿನ ದೋಷಗಳ ಸರತಿಗೆ. ಹೌದು, ಕೆಲಸ ಸುಸೂತ್ರವಾಗಿ ಮುಗಿಯಿತು ಎಂಬ ಶುಭಸುದ್ದಿಯನ್ನು ನೀವು ದೂರುಪೆಟ್ಟಿಗೆಯಲ್ಲಿ ಹುಡುಕಬೇಕು. ದೋಷ ಸಂಖ್ಯೆಯ ಜಾಗದಲ್ಲಿ ಸೊನ್ನೆ ಬರೆದಿರುತ್ತದೆ, ಪಕ್ಕದಲ್ಲಿ ಇಂತಿಷ್ಟನೇ ಕರೆಯಿಂದ ಇಂತಿಷ್ಟನೇ ಕರೆಯವರೆಗೆ ಅಂತ ಒಂದು ವ್ಯಾಪ್ತಿ.

ಇಷ್ಟೆಲ್ಲ ಓಡಾಡಿ ಪತ್ರ ಬಿಡಿಸಿದರೆ ಒಳಗೆ ಇನ್ನೊಂದು ಗುರುತು ಕಾಣಬಹುದು. ಅದರ ತಾತ್ಪರ್ಯ: ತಮ್ಮ ಝೀರೋ ಕಾಪಿ ಅರ್ಜಿಯನ್ನು ಪರಿಗಣಿಸಲಾಗಿದೆ, ಆದರೆ ನಾವು ಕಾಪಿ ಮಾಡಿದ್ದೇವೆ. ಒಂದೇ ಯಂತ್ರದೊಳಗೆ ಒಂದು ಪ್ರೋಗ್ರಾಮಿನಿಂದ ಇನ್ನೊಂದಕ್ಕೆ ಕಳಿಸಿದರೆ ಹೀಗೇ ಆಗುತ್ತದೆ. ಅದಕ್ಕೆ ಕಾರಣವೂ ಇದೆ: ಆ ಕಡೆಯ ಪ್ರೋಗ್ರಾಮು ಓದದೇ ಕೂತರೆ ನಿಮ್ಮ ಪುಟಕ್ಕೆ ಮೊಳೆ ಎಷ್ಟು ಕಾಲ ಇರಬೇಕು? ನಿಜವಾಗಿ ಕಾಪಿ ಆಗುತ್ತಿದೆಯೋ ಇಲ್ಲವೋ ನೋಡಿಯೇಬಿಡೋಣ ಅಂತ ಪ್ಯಾಕೆಟ್‌ಗಳನ್ನು ಇಣುಕಿ ನೋಡುವ ಟಿಸಿಪಿಡಂಪ್ ಹಚ್ಚಿದರೆ ಅದಕ್ಕೂ ಒಂದು ಪ್ರತಿ ಬೇಕಲ್ಲ, ಆಗಲೂ ಕಾಪಿಯೇ. ಇಣುಕಿ ನೋಡಿದವರಿಗೆ ಕಾಪಿ ಕಾಣುತ್ತದೆ, ನೋಡದವರಿಗೆ ಸೊನ್ನೆ.

ಕರ್ನಲ್‌ನ ಕೈಪಿಡಿ ಈ ವಿಷಯದಲ್ಲಿ ಪ್ರಾಮಾಣಿಕ. ಸುಮಾರು 10 ಕಿಲೋಬೈಟಿಗಿಂತ ದೊಡ್ಡದನ್ನು ಕಳಿಸುವಾಗ ಮಾತ್ರ ಇದರಿಂದ ಪ್ರಯೋಜನ, ಅದಕ್ಕಿಂತ ಸಣ್ಣದಕ್ಕೆ ಪುಟಗಳ ಲೆಕ್ಕ ಬರೆಯುವ ಖರ್ಚೇ ನಕಲಿನ ಖರ್ಚನ್ನು ಮೀರುತ್ತದೆ ಅಂತ ಮೊದಲೇ ಹೇಳಿಬಿಡುತ್ತದೆ. ಪ್ರಸ್ತಾವ ಬಂದಾಗ ಅದರ ಜೊತೆಗಿದ್ದ ಅಂಕಿಗಳೂ ಅಷ್ಟೇ ನೇರ: ಅಳತೆಯ ಪ್ರಯೋಗದಲ್ಲಿ ಶೇ. 39 ಲಾಭ, ನಿಜವಾದ ಕೆಲಸದ ಹೊರೆಯಲ್ಲಿ ಶೇ. 5ರಿಂದ 8. ಬರೆದವರು ಮುಚ್ಚುಮರೆ ಮಾಡಲಿಲ್ಲ. ಓದಿದವರು 39ರ ಮುಂದೆ ಓದಲಿಲ್ಲ.

ಕಳಿಸುವ ಕತೆಯೇ ಹೀಗೆ, ಪಡೆಯುವುದಂತೂ ಇನ್ನೂ ಕಷ್ಟ. ಕಾರ್ಡಿನ ಬಾಗಿಲಿಗೆ ಬಂದ ಪ್ಯಾಕೆಟ್ ಯಾರಿಗೆ ಸೇರಿದ್ದು ಅಂತ ಗೊತ್ತಾಗುವ ಮೊದಲೇ ಅದನ್ನು ಎಲ್ಲೋ ಒಂದು ಕಡೆ ಇಳಿಸಿಯಾಗಿರುತ್ತದೆ. ಮಾಮೂಲಿ ಪ್ಯಾಕೆಟ್ 1500 ಬೈಟು, ಅದರಲ್ಲಿ ವಿಳಾಸದ ಶೀರ್ಷಿಕೆಗಳು ಕಳೆದರೆ 1460. ಮೆಮೊರಿಯ ಪುಟ 4096. ಯಾವ ರೀತಿ ಮಡಿಸಿದರೂ ಅಂಚಿಗೆ ಅಂಚು ಕೂಡುವುದಿಲ್ಲ. 2018ರಲ್ಲಿ ಲಿನಕ್ಸ್ ಇದಕ್ಕೂ ಒಂದು ದಾರಿ ಮಾಡಿತು. ಅದರಲ್ಲಿ ನಡೆಯಬೇಕಾದರೆ ಪ್ಯಾಕೆಟ್ಟಿನ ಗಾತ್ರ, ಕಾರ್ಡು, ನಿಮ್ಮ ಹಣೆಬರಹ ಮೂರೂ ಕೂಡಿಬರಬೇಕು.

ಕರ್ನಲ್ ಜೊತೆ ಏಗುವುದೇ ಬೇಡ ಅಂತ ಮನೆ ಬಿಟ್ಟು ಹೋದವರೂ ಇದ್ದಾರೆ. ಡಿಪಿಡಿಕೆ ಎಂಬ ತಂತ್ರಾಂಶದ ಪಂಥದವರು ಎರಡು ಮೆಗಾಬೈಟಿನ, ಒಂದು ಗಿಗಾಬೈಟಿನ ದೈತ್ಯ ಪುಟಗಳನ್ನು ಮೊದಲೇ ಕಾದಿರಿಸಿಕೊಂಡು ಕಾರ್ಡಿನ ಜೊತೆ ನೇರ ವ್ಯವಹಾರ ಇಟ್ಟುಕೊಳ್ಳುತ್ತಾರೆ. ವೇಗ ಅಸಾಧಾರಣ, ಅದರಲ್ಲಿ ಎರಡು ಮಾತಿಲ್ಲ. ಪ್ಯಾಕೆಟ್ ಬಂತಾ, ಬಂತಾ ಅಂತ ಒಂದು ಕೋರು ಹಗಲೂ ರಾತ್ರಿ ಕೇಳುತ್ತಲೇ ಇರಬೇಕು, ಅಷ್ಟೆ. ಪ್ಯಾಕೆಟ್ ಬರಲಿ ಬಿಡಲಿ, ಅದು ಶೇ. 100 ದುಡಿಯುತ್ತಿರುತ್ತದೆ. ಟೆಲಿಕಾಂ ಕಂಪನಿಗೆ ಇದು ನ್ಯಾಯ. ದಿನಕ್ಕೆ ನಾಲ್ಕು ಜನ ನೋಡುವ ಜಾಲತಾಣಕ್ಕೂ ಇದನ್ನೇ ಹಚ್ಚಿದವರು ವಿದ್ಯುತ್ ಬಿಲ್ ಬಂದಾಗ ಕರ್ನಲ್ ಅನ್ನು ನೆನೆಯುತ್ತಾರೆ.

ಖರ್ಚಿನ ಮಾತು ಬಿಡಿ. ಮೂಲ ಪತ್ರದ ಮೇಲೆ ಯಾರೋ ಪೆನ್ನಾಡಿಸುವ ಭಯ ಬರೀ ಭಯವಲ್ಲ ಅಂತ ಜರ್ಮನಿಯ ಮ್ಯಾಕ್ಸ್ ಕೆಲ್ಲರ್‌ಮನ್ ಎಂಬವರಿಗೆ ಗೊತ್ತಾದ ಕತೆ ಕೇಳಿ. 2021ರಲ್ಲಿ ವೆಬ್ ಹೋಸ್ಟಿಂಗ್ ಗ್ರಾಹಕನೊಬ್ಬನ ದೂರು ಬಂತು: ಡೌನ್‌ಲೋಡ್ ಮಾಡಿದ ಲಾಗ್ ಫೈಲು ಬಿಚ್ಚಿಕೊಳ್ಳುತ್ತಿಲ್ಲ. ನೋಡಿದರೆ ಒಳಗಿನ ದತ್ತಾಂಶ ಎಲ್ಲ ಸರಿ, ಕೊನೆಯ 8 ಬೈಟು, ಅಂದರೆ ಸರಿಯಿದೆಯೇ ಅಂತ ತಾಳೆ ನೋಡುವ ಮೊತ್ತದ ಜಾಗ, ಮಾತ್ರ ಕೆಟ್ಟಿತ್ತು. ಕೈಯಿಂದಲೇ ಸರಿಮಾಡಿ ದೂರು ಮುಚ್ಚಿದರು. ತಿಂಗಳುಗಳು ಕಳೆದವು, ಮತ್ತೆ ಅದೇ ದೂರು. ಕೆಟ್ಟ ಫೈಲುಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿದಾಗ ಮೈ ಜುಮ್ಮೆನ್ನಿಸುವ ಎರಡು ಸಂಗತಿ ಕಂಡವು. ಕೆಟ್ಟವು ಹೆಚ್ಚಾಗಿ ತಿಂಗಳ ಕೊನೆಯ ದಿನದ ಫೈಲುಗಳು. ಕೆಟ್ಟ ಜಾಗದಲ್ಲಿ ಪ್ರತಿ ಸಲವೂ ಇರುವುದು ಅದೇ 8 ಬೈಟು, ಮೊದಲ ಎರಡು ಅಕ್ಷರ ಪಿ ಮತ್ತು ಕೆ. ಜಿಪ್ ವಿಧಾನದ ಜನಕ ಫಿಲ್ ಕಾಟ್ಜ್ ಅವರ ಇನಿಷಿಯಲ್ಲುಗಳು.

ಲಾಗ್ ಫೈಲಿಗೂ ಜಿಪ್‌ಗೂ ಏನು ನಂಟು? ಗ್ರಾಹಕರಿಗೆ ಅನುಕೂಲವಾಗಲಿ ಅಂತ ಒಂದು ಸೇವೆ ತಿಂಗಳ ಲಾಗುಗಳನ್ನೆಲ್ಲ ಆ ಕ್ಷಣಕ್ಕೆ ಜಿಪ್ ಮಾಡಿ ಕಳಿಸುತ್ತಿತ್ತು. ಕಳಿಸುವ ವಿಧಾನ ಸ್ಪ್ಲೈಸ್, 2006ರಿಂದ ಲಿನಕ್ಸ್‌ನಲ್ಲಿರುವ ಝೀರೋ ಕಾಪಿ ಕರೆ. ಫೈಲಿನ ಪುಟವನ್ನು ನಕಲಿಸದೆ, ಪೇಜ್ ಕ್ಯಾಶ್‌ನಲ್ಲಿರುವ ಮೂಲವನ್ನೇ ಪೈಪಿನೊಳಗೆ ತೋರಿಸಿಬಿಡುವುದು. ಕೊನೆಯ ಫೈಲು ಹೋದ ಮೇಲೆ ಜಿಪ್‌ನ ಸೂಚಿಯನ್ನು ಅದೇ ಪೈಪಿಗೆ ಮಾಮೂಲಿಯಾಗಿ ಬರೆಯಬೇಕು. ಪೈಪಿನಲ್ಲಿ ಹಿಂದಿನ ಪುಟಕ್ಕೆ 'ಇದಕ್ಕೆ ಸೇರಿಸಿ ಬರೆಯಬಹುದು' ಎಂಬ ಧ್ವಜ ಇದ್ದರೆ ಕರ್ನಲ್ ಹೊಸ ಪುಟ ಹುಡುಕದೆ ಅಲ್ಲೇ ಮುಂದುವರಿಸುತ್ತದೆ. ಸ್ಪ್ಲೈಸ್‌ನಿಂದ ಬಂದ ಪುಟಕ್ಕೆ ಆ ಧ್ವಜ ಇರಲೇಬಾರದು. ಆದರೆ ಪೈಪಿನ ಆ ಜಾಗವನ್ನು ಹಿಂದೆ ಬಳಸಿದವರು ಬಿಟ್ಟುಹೋದ ಧ್ವಜ ಅಲ್ಲೇ ಹಾರಾಡುತ್ತಿತ್ತು. ಅದನ್ನು ಇಳಿಸುವ ಕೆಲಸ 2016ರ ಒಂದು ಬದಲಾವಣೆಯಲ್ಲಿ ಬಿಟ್ಟುಹೋಗಿತ್ತು. ನಾಲ್ಕು ವರ್ಷ ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ. 2020ರಲ್ಲಿ 5.8 ಆವೃತ್ತಿಗೆ ಯಾರೋ ಕೋಡನ್ನು ಒಪ್ಪಮಾಡಿದಾಗ ಆ ಧ್ವಜಕ್ಕೆ ಜೀವ ಬಂತು. ಜಿಪ್‌ನ ಸೂಚಿ ಹೋಗಿ ಗ್ರಾಹಕನ ಲಾಗ್ ಫೈಲಿನ ಮೂಲ ಪುಟದ ಮೇಲೇ ಕೂತಿತು. ಆ ಸೇವೆಗೆ ಆ ಫೈಲನ್ನು ತಿದ್ದುವ ಅನುಮತಿಯೇ ಇರಲಿಲ್ಲ, ಓದುವ ಅನುಮತಿ ಮಾತ್ರ.

ಓದಲು ಬಂದವನು ಬರೆದುಹೋಗಬಹುದು ಅಂದಮೇಲೆ ಪಾಸ್‌ವರ್ಡ್ ಫೈಲಿನ ಮೇಲೂ ಬರೆಯಬಹುದಲ್ಲ. 2022ರ ಮಾರ್ಚ್ 7ರಂದು 'ಡರ್ಟಿ ಪೈಪ್' ಎಂಬ ಹೆಸರಿನಲ್ಲಿ ಸಂಗತಿ ಹೊರಬಿತ್ತು. ಪರಿಹಾರ ಎರಡು ಸಾಲು: ಆ ಧ್ವಜದ ಬೆಲೆ ಸೊನ್ನೆ, ಎರಡು ಜಾಗದಲ್ಲಿ. ಝೀರೋ ಕಾಪಿಯ ಇಡೀ ವ್ಯವಹಾರದಲ್ಲಿ ನಿಜವಾಗಿ ಬೇಕಿದ್ದ ಸೊನ್ನೆ ಅದೊಂದೇ, ಅದನ್ನೇ ಬರೆಯಲು ಮರೆತಿದ್ದರು.

ಹಾಗಂತ ಎಲ್ಲವೂ ಬೂಟಾಟಿಕೆ ಅಂದರೆ ನಾಲಿಗೆ ಬಿದ್ದುಹೋದೀತು. ನೆಟ್‌ಫ್ಲಿಕ್ಸ್‌ನವರು ಫ್ರೀಬಿಎಸ್‌ಡಿ ಮೇಲೆ ಮಾಡಿದ ಕೆಲಸಕ್ಕೆ ಕೈ ಮುಗಿಯಬೇಕು. 2021ರಲ್ಲಿ ಅವರ ಡ್ರೂ ಗ್ಯಾಲಟಿನ್ ಒಂದೇ ಸರ್ವರಿನಿಂದ ಸೆಕೆಂಡಿಗೆ 400 ಗಿಗಾಬಿಟ್ ವಿಡಿಯೊ ಹರಿಸುವುದು ಹೇಗೆಂದು ಭಾಷಣವೊಂದರಲ್ಲಿ ವಿವರಿಸಿದರು. 400 ಗಿಗಾಬಿಟ್ ಅಂದರೆ 50 ಗಿಗಾಬೈಟ್. ಎಚ್‌ಟಿಟಿಪಿಎಸ್ ಬಂದ ಮೇಲೆ ಪ್ರತಿ ಬೈಟನ್ನೂ ಗೂಢಲಿಪಿಗೆ ತಿರುಗಿಸಬೇಕು. ಅದನ್ನು ಪ್ರೊಸೆಸರಿನಲ್ಲಿ ಮಾಡಿದರೆ ಪ್ರತಿ ಬೈಟೂ ನಾಲ್ಕು ಸಲ ಮೆಮೊರಿ ದಾಟುತ್ತದೆ, ಅಂದರೆ ಸೆಕೆಂಡಿಗೆ 200 ಗಿಗಾಬೈಟ್. ಯಂತ್ರದ ಮೆಮೊರಿ ತಡೆಯುವುದು ಸುಮಾರು 150. ಅವರು ಆ ಕೆಲಸವನ್ನು ಕಾರ್ಡಿಗೇ ವಹಿಸಿ ನಾಲ್ಕನ್ನು ಎರಡಕ್ಕೆ ಇಳಿಸಿದರು. ಅಲ್ಲಿ ಒಂದು ನಕಲು ಹೆಚ್ಚಾದರೆ ಇಡೀ ಯಂತ್ರ ಮಲಗುತ್ತದೆ. ಅವರ ಬೈಟುಗಳ ಗುಣವೂ ನೋಡಿ: ಸಿನಿಮಾ ದೊಡ್ಡದು, ಒಮ್ಮೆ ಡಿಸ್ಕಿಗೆ ಹೋದ ಮೇಲೆ ಬದಲಾಗುವುದಿಲ್ಲ, ಕಳಿಸುವಾಗ ಅದರ ಮೇಲೆ ಯಾರೂ ಬರೆಯುವುದಿಲ್ಲ. ಮಾಲಿಕತ್ವದ ತಕರಾರೇ ಹುಟ್ಟದ ಜಾಗ. ಸೆಂಡ್‌ಫೈಲ್ ಹುಟ್ಟಿದ್ದೇ ಇಂಥವರಿಗಾಗಿ.

ನಮ್ಮಲ್ಲಿ ಆ ಭಾಷಣದ ವಿಡಿಯೊ ನೋಡಿದವರಿಗೆ ಲೆಕ್ಕವಿಲ್ಲ. ಬೆಂಗಳೂರಿನ ಹೊರವರ್ತುಲ ರಸ್ತೆಯ ಯಾವ ಕಚೇರಿಯಲ್ಲಾದರೂ ವಿನ್ಯಾಸದ ಸಭೆಗೆ ಹೋಗಿ ಕೂತು ನೋಡಿ, ಕಾಫಿ ಆರುವ ಮೊದಲೇ ನಾಲ್ಕನೇ ಸ್ಲೈಡಿನಲ್ಲಿ ಝೀರೋ ಕಾಪಿ ಬರುತ್ತದೆ. ಅದನ್ನು ತಂದವನು ಎರಡು ತಿಂಗಳ ಹಿಂದೆ ಆರ್ಕಿಟೆಕ್ಟ್ ಆದ ಹುಡುಗ. ಎದುರಿಗೆ ಕೂತವರು ಹತ್ತಾರು ವರ್ಷ ಡ್ರೈವರ್ ಕೋಡ್ ತಿದ್ದಿದ, ಯಾರಿಗೂ ದನಿ ಏರಿಸದ ಮೇಡಂ.

"ಒಂದು ಮೆಸೇಜ್ ಎಷ್ಟು ದೊಡ್ಡದು?" ಅಂತ ಅವರು ಕೇಳುತ್ತಾರೆ.

"ಸುಮಾರು ನಾನೂರು ಬೈಟ್ ಮೇಡಂ. ಜೇಸನ್."

"ಬಂದ ಮೇಲೆ ಏನ್ ಮಾಡ್ತೀರಿ ಅದನ್ನ?"

"ಪಾರ್ಸ್ ಮಾಡಿ ಆಬ್ಜೆಕ್ಟ್ ಮಾಡ್ತೀವಿ. ಅದನ್ನ ಇನ್ನೊಂದು ಆಬ್ಜೆಕ್ಟಿಗೆ ಮ್ಯಾಪ್ ಮಾಡ್ತೀವಿ. ಆಮೇಲೆ ಲಾಗ್‌ಗೆ ಬರೀತೀವಿ, ಆಡಿಟ್‌ಗೆ ಬರೀತೀವಿ, ಮತ್ತೆ ಜೇಸನ್ ಮಾಡಿ ಕ್ಯೂಗೆ ಹಾಕ್ತೀವಿ."

"ಅಲ್ಲೆಲ್ಲ ಕಾಪಿ ಆಗಲ್ವಾ?"

"ಅದು ಅಪ್ಲಿಕೇಶನ್ ಟೀಮಿಂದು ಮೇಡಂ. ನಮ್ಮ ಲೇಯರಲ್ಲಿ ಝೀರೋ."

ಮ್ಯಾನೇಜರ್ ಅಷ್ಟರಲ್ಲಿ ಆ ಶಬ್ದವನ್ನು ತ್ರೈಮಾಸಿಕ ವರದಿಗೆ ಬರೆದುಕೊಂಡಾಗಿರುತ್ತದೆ. ಮೇಡಂ ಸ್ಲೈಡಿನ ಬಾಣಗಳನ್ನು ಇನ್ನೊಮ್ಮೆ ನೋಡುತ್ತಾರೆ. ಕಾರ್ಡಿನಿಂದ ಬಫರಿಗೆ ಬಾಣ, ಬಫರಿನಿಂದ ಪ್ರೋಗ್ರಾಮಿಗೆ ಬಾಣ. ವಾಪಸ್ ಬರುವ ಬಾಣ ಒಂದೂ ಇಲ್ಲ.

"ಈ ಬಫರನ್ನ ಯಾರು ಬಿಡುಗಡೆ ಮಾಡ್ತಾರೆ, ಯಾವಾಗ?"

"ಅದು ಫೇಸ್ ಟೂನಲ್ಲಿದೆ ಮೇಡಂ."